ಗಣಿಯ ನೆಲನಡುಕವೂ ಅದನ್ನು ಅಳೆಯುವ ಬಗೆಯೂ

ಭೂಕಂಪವೆಂದರೆ ಕೇವಲ ಪ್ರಕೃತಿಯ ವ್ಯಾಪಾರವೆಂದು ನಾವು ಸಾಮಾನ್ಯವಾಗಿ ಭಾವಿಸಿರುವೆವು. ಆದರೆ ಮನುಷ್ಯನು ನೆಲವನ್ನು ಆಳವಾಗಿ ತೋಡಿದ ಕಡೆಗಳಲ್ಲಿ, ಅವನ ಕೆಲಸದ ಫಲವಾಗಿಯೇ ಭೂಮಿಯು ನಡುಗುವುದುಂಟು. ಯೂರೋಪಿನ ಕಲ್ಲಿದ್ದಲ ಗಣಿಗಳಲ್ಲಿ ಇದು ಬಹುಕಾಲದಿಂದ ತಿಳಿದ ವಿಷಯ. ನಮ್ಮ ನಾಡಿನಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಆದರೂ ಈ ಪಾಠವನ್ನು ನಾವು ಕೋಲಾರದ ಚಿನ್ನದ ಗಣಿಗಳಲ್ಲಿ ಕಲಿತಿರುವೆವು.

ಬಿಳಿಗೆರೆಯ ಸುತ್ತಿನವರಿಗೆ ಕೋಲಾರವು ದೂರದ ಊರೆಂದು ತೋರಬಹುದು. ಆದರೆ ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಮೊದಲಿಗೆ ಹೋದದ್ದು ಆ ಗಣಿಗಳಿಗೇ. ನಮ್ಮ ನದಿಯ ಬಲದಿಂದ ನಡೆದ ಆ ಯಂತ್ರಗಳ ಕೆಳಗೆ ಏನು ನಡೆಯುತ್ತಿದ್ದಿತೆಂಬುದನ್ನು ನಾವು ತಿಳಿಯುವುದು ಉಚಿತವಾಗಿದೆ.

1880ರ ಸುಮಾರಿನಿಂದ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಬೆಳೆದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಎಂಬುದು ಕಡೆಗೆ ಮೂರು ಕಿಲೋಮೀಟರಿಗೂ ಮೀರಿದ ಆಳವನ್ನು ಮುಟ್ಟಿತು. ಅಷ್ಟು ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ 800 ಕಿಲೋಗ್ರಾಮಿಗೆ ಮಿಕ್ಕ ಬಂಡೆಯ ಭಾರವಿರುತ್ತದೆ. ಅದಿರನ್ನು ತೆಗೆದು ಒಂದೆಡೆ ಪೊಳ್ಳುಮಾಡಿದೊಡನೆ, ಆ ಸ್ಥಳವು ಹೊತ್ತಿದ್ದ ಭಾರವು ಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ಕೋಲಾರದ ಶಿಲೆಯು ಬಹಳ ಗಡುಸು. ಅದು ಮೆಲ್ಲಮೆಲ್ಲನೆ ಬಾಗುವುದಿಲ್ಲ. ತಡೆಯುವಷ್ಟು ತಡೆದು, ಎಳೆದ ಬಿಲ್ಲಿನ ಹೆದೆ ಹರಿದಂತೆ, ಒಮ್ಮೆಲೇ ಸಿಡಿಯುತ್ತದೆ. ಇದನ್ನೇ ಗಣಿಯವರು ರಾಕ್ ಬರ್ಸ್ಟ್ ಎಂದು ಕರೆಯುತ್ತಾರೆ, ನಾವು ಶಿಲಾಸ್ಫೋಟವೆನ್ನೋಣ. ಇದರಿಂದ ಸುರಂಗಗಳು ಕ್ಷಣಾರ್ಧದಲ್ಲಿ ಮುಚ್ಚಿಹೋಗಿ, ಅನೇಕ ಕೂಲಿಕಾರರು ಪ್ರಾಣವನ್ನು ಕಳೆದುಕೊಂಡರು. ದೊಡ್ಡ ಸ್ಫೋಟವಾದಾಗ ಮೇಲಿನ ಊರಿನ ಮನೆಗಳೂ ಅಲುಗುತ್ತಿದ್ದುವು.

ಹೀಗಿರುವಲ್ಲಿ ಮೊದಲು ಬೇಕಾದುದು ಲೆಕ್ಕ: ನಡುಕವು ಯಾವಾಗ, ಎಲ್ಲಿ, ಎಷ್ಟು ಬಲವಾಗಿ ಉಂಟಾಯಿತು? 1912ರಲ್ಲಿಯೇ ಗಣಿಪ್ರದೇಶದಲ್ಲಿ ಒಂದು ಭೂಕಂಪಲೇಖಕ ಯಂತ್ರವನ್ನು ನಿಲ್ಲಿಸಿದ್ದರು. ಆದರೆ ಒಂಟಿ ಯಂತ್ರಕ್ಕೆ ಮಿತಿಯುಂಟು. ಕಂಪನದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಗಟ್ಟಿಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಎರಡನೆಯದು ಅದಕ್ಕಿಂತ ನಿಧಾನ. ಇವೆರಡೂ ಬಂದು ಸೇರಿದ ಕಾಲಗಳ ಅಂತರದಿಂದ, ಮಿಂಚು ಗುಡುಗುಗಳ ನಡುವಣ ಕಾಲವನ್ನೆಣಿಸಿ ಸಿಡಿಲಿನ ದೂರವನ್ನು ಹೇಳುವಂತೆ, ಸ್ಫೋಟದ ದೂರವನ್ನು ಹೇಳಬಹುದು. ಆದರೆ ಅದು ಯಾವ ಮಟ್ಟದಲ್ಲಿ, ಯಾವ ಸುರಂಗದಲ್ಲಿ ಆಯಿತೆಂದು ಖಚಿತವಾಗಿ ಹೇಳಲಾಗುವುದಿಲ್ಲ.

ಆದುದರಿಂದ ಹಲವು ಕಿವಿಗಳು ಬೇಕು. 1970ರ ದಶಕದ ಕೊನೆಯ ಹೊತ್ತಿಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ ನೆರವಿನಿಂದ ಗಣಿಯಲ್ಲಿ ಜಿಯೋಫೋನುಗಳ ಜಾಲವು ಏರ್ಪಟ್ಟಿತು. ಜಿಯೋಫೋನೆಂದರೆ ಅಯಸ್ಕಾಂತದ ಬಳಿ ಸ್ಪ್ರಿಂಗಿನಿಂದ ತೂಗಿಬಿಟ್ಟ ತಂತಿಯ ಸುರುಳಿ. ನೆಲ ಅಲುಗಿದರೆ ಸುರುಳಿಗೂ ಅಯಸ್ಕಾಂತಕ್ಕೂ ನಡುವೆ ಚಲನೆಯುಂಟಾಗಿ, ತಂತಿಯಲ್ಲಿ ಸಣ್ಣ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಬೇರೆಬೇರೆ ಸ್ಥಳಗಳ ಜಿಯೋಫೋನುಗಳಿಗೆ ಅಲೆಯು ಬೇರೆಬೇರೆ ಕ್ಷಣದಲ್ಲಿ ಮುಟ್ಟುವುದರಿಂದ, ಆ ವ್ಯತ್ಯಾಸಗಳನ್ನು ಹೊಂದಿಸಿ ಸ್ಫೋಟದ ಮೂಲವನ್ನು ಗುರುತಿಸುತ್ತಾರೆ. ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಅಲೆಯ ದಾರಿಯಲ್ಲಿ 6 ಮೀಟರ್ ತಪ್ಪಿದಂತಾಗುವುದರಿಂದ, ಗಡಿಯಾರಗಳು ಅತ್ಯಂತ ನಿಷ್ಕೃಷ್ಟವಾಗಿರಬೇಕು.

ಇಷ್ಟಾದರೂ ನಾಳೆ ಇಂಥ ಗಂಟೆಗೆ ಬಂಡೆ ಸಿಡಿಯುವುದೆಂದು ಈ ಯಂತ್ರವು ಭವಿಷ್ಯ ನುಡಿಯಲಾರದು. ಸಣ್ಣ ಕಂಪನಗಳು ಯಾವ ಭಾಗದಲ್ಲಿ ಒತ್ತಾಗಿ ಸೇರುತ್ತಿವೆಯೆಂಬುದನ್ನು ಅದು ತೋರಿಸುತ್ತದೆ. ಆ ಭಾಗದಿಂದ ಜನರನ್ನು ಹಿಂದಕ್ಕೆ ಕರೆಯುವುದು, ಅಗೆಯುವ ಕ್ರಮವನ್ನು ಬದಲಿಸುವುದು, ಪೊಳ್ಳಾದೆಡೆಯನ್ನು ಕಾಂಕ್ರೀಟಿನಿಂದ ತುಂಬಿ ಆಧಾರ ಕೊಡುವುದು, ಇವೆಲ್ಲ ಮನುಷ್ಯನ ವಿವೇಕಕ್ಕೆ ಬಿಟ್ಟ ಕೆಲಸಗಳು. ಕಲ್ಲಿದ್ದಲ ಗಣಿಗಳಲ್ಲಿಯೂ ಇದೇ ನ್ಯಾಯ. ಅಲ್ಲಿ ಇದ್ದಲನ್ನು ತೆಗೆದಮೇಲೆ ಆಧಾರವಿಲ್ಲದೆ ನಿಂತ ಮೇಲಣ ಕಲ್ಲುಪದರವು ಬಿರುಕುಬಿಡುವ ಸದ್ದನ್ನು ಜಿಯೋಫೋನುಗಳಿಂದ ಆಲಿಸಿ, ಛಾವಣಿ ಕುಸಿಯುವ ಅಪಾಯವನ್ನು ಅಂದಾಜುಮಾಡುತ್ತಾರೆ. ಇಂಥ ವಿಷಯಗಳ ಅಧ್ಯಯನಕ್ಕಾಗಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು 1988ರಲ್ಲಿ ಕೋಲಾರದ ಗಣಿಪ್ರದೇಶದಲ್ಲಿಯೇ ಸ್ಥಾಪಿತವಾಯಿತು.

2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದುವು. ನೀರೆತ್ತುವ ಕೆಲಸವು ನಿಂತುದರಿಂದ ಪೊಳ್ಳುಗಳಲ್ಲಿ ನೀರು ತುಂಬಿತು. ಬಿರುಕುಗಳಿಗೆ ಹೊಕ್ಕ ನೀರು ಬಂಡೆಗಳ ಪರಸ್ಪರ ಹಿಡಿತವನ್ನು ಸಡಿಲಿಸುವುದರಿಂದ, ಅಗೆಯುವವರಿಲ್ಲದಿದ್ದರೂ ನಡುಕಗಳು ಕಾಣಿಸಿಕೊಂಡುವು. ಕೆಳಗಿನ ಕೂಲಿಕಾರರು ಮೇಲೆ ಬಂದರು, ನಿಜ. ಆದರೆ ಮೇಲಿನ ಮನೆಗಳಲ್ಲಿ ಸಂಸಾರಗಳು ಇನ್ನೂ ಇವೆ. ಲಾಭವು ನಿಂತೊಡನೆ ಗಣಿಯ ಬಾಗಿಲನ್ನು ಮುಚ್ಚಬಹುದು. ಅದರೊಡನೆ ಜಿಯೋಫೋನುಗಳನ್ನೂ ಕಿತ್ತುಹಾಕುವುದು ಸರಿಯಲ್ಲ. ಭೂಮಿಯನ್ನು ತೋಡಿ ಸಂಪತ್ತನ್ನು ಪಡೆದ ಸಮಾಜವು, ಆ ಭೂಮಿಯ ಮೇಲೆ ಬಾಳುವವರ ಸಲುವಾಗಿ ಅದರ ಅಲುಗಾಟವನ್ನು ಆಲಿಸುತ್ತಲೇ ಇರಬೇಕೆಂಬುದು ನಮ್ಮ ಅಭಿಪ್ರಾಯ.