ಅಂಗೈಯಲ್ಲಿ ಪಾಠ

ಕಣ್ಣು ಕಾಣದವರಿಗೆ ರೇಡಿಯೋ ಇದೆ. ಕಿವಿ ಕೇಳದವರು ಈ ಪುಟವನ್ನು ಓದಬಲ್ಲರು. ಎರಡೂ ಇಲ್ಲದ ಮಗು ಶಾಲೆಗೆ ಬಂದರೆ ಉಪಾಧ್ಯಾಯರು ಮಾಡುವುದೇನು? ಒಂದು ಕೊರತೆಗೆ ಇನ್ನೊಂದು ಕೂಡಿತು, ಅಷ್ಟೇ ಎಂದು ನೀವು ಎಣಿಸಬಹುದು. ಹಾಗಲ್ಲ. ಅಂಧರಿಗೆ ಕಿವಿಯ ಮೂಲಕ ಕಲಿಸುತ್ತೇವೆ, ಕಿವುಡರಿಗೆ ಕಣ್ಣಿನ ಮೂಲಕ. ಇಲ್ಲಿ ಆ ಎರಡು ದಾರಿಗಳೂ ಮುಚ್ಚಿವೆ. ಉಳಿದದ್ದು ಕೈ.

1887ರಲ್ಲಿ ನೀರಿನ ಪಂಪಿನ ಬಳಿ ಬಾಲಕಿ ಹೆಲೆನ್ ಕೆಲ್ಲರಳ ಒಂದು ಕೈಯ ಮೇಲೆ ನೀರು ಸುರಿಯುತ್ತಿರಲು, ಇನ್ನೊಂದು ಕೈಯಲ್ಲಿ ಆ್ಯನ್ ಸಲಿವನ್ 'ನೀರು' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಬೆರಳುಗಳಿಂದ ಮೂಡಿಸಿದ ಕತೆ ನಿಮಗೆ ಗೊತ್ತಿದ್ದೀತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಮುಂದಿನ ದುಡಿಮೆ. ಕೆಲ್ಲರ್ 1904ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿನ ಪದವಿ ಪಡೆಯುವ ತನಕ ಉಪನ್ಯಾಸಗಳನ್ನೂ, ಬ್ರೈಲ್‌ನಲ್ಲಿ ದೊರೆಯದ ಪುಸ್ತಕಗಳನ್ನೂ ಸಲಿವನ್ ಅಕ್ಷರಕ್ಕೆ ಅಕ್ಷರ ಆಕೆಯ ಅಂಗೈಗೆ ಇಳಿಸಿದರು; ಅದೂ ತಮ್ಮ ಕಣ್ಣೇ ಮಂದವಾಗಿರುವಾಗ!

ಅಂಥ ಗುರು ಎಲ್ಲರಿಗೂ ದೊರೆಯಲಾರರು, ನಿಜ. ಆದರೆ ಮೊದಲ ಪಾಠ ಮನೆಯಲ್ಲೇ ಆಗಬಲ್ಲದು. ಊಟಕ್ಕೆ ಮುನ್ನ ಮಗುವಿನ ಕೈಗೆ ತಟ್ಟೆ ಕೊಡಿ, ಸ್ನಾನಕ್ಕೆ ಮುನ್ನ ಚೊಂಬು. ದಿನವೂ ಅದೇ ತಟ್ಟೆ, ಅದೇ ಚೊಂಬು. ಸುಳಿವು ಕೊಡದೆ ಥಟ್ಟನೆ ಎತ್ತಿಕೊಂಡರೆ ಮಗು ಬೆದರಿ ಚೀರುತ್ತದೆ. ನಾವು ಅದನ್ನು ಹಠಮಾರಿ ಎನ್ನುತ್ತೇವೆ.

ಕಣ್ಣು, ಕಿವಿ ಎರಡೂ ಇಲ್ಲದವರಿಗೆ ಅವರಿಗೆ ಒಗ್ಗುವ ಭಾಷೆ, ವಿಧಾನಗಳಲ್ಲೇ ಕಲಿಸಬೇಕೆಂದು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಆ ಚೊಂಬಿನ ಸಂಗತಿಯನ್ನೂ ಉಪಾಧ್ಯಾಯರಿಗೆ ತಪ್ಪದೆ ತಿಳಿಸಿರಿ.