ಇಳಿಯೋ ಮುಂಚೆ ನಾಬ್ ಎಳಿ

ನಮ್ಮ ಕಂದಿಕೆರೆ ಕಡೆ ದೊಡ್ಡ ಟ್ರ್ಯಾಕ್ಟರ್‌ಗೆ ಸಿಗುವ ಮರ್ಯಾದೆ ಮಿನಿ ಟ್ರ್ಯಾಕ್ಟರ್‌ಗೆ ಸಿಗುವುದಿಲ್ಲ. ‘ಅದೇನ್ ಬಿಡು, ಆಟದ ಸಾಮಾನು ಇದ್ದಂಗೈತೆ’ ಅನ್ನುತ್ತಾರೆ. ಸೈಕಲ್ ಬ್ಯಾಲೆನ್ಸ್ ಬಂದ ಮಕ್ಕಳಿಗೆಲ್ಲ ಅದರ ಸ್ಟೇರಿಂಗ್ ಹಿಡಿಯುವ ಆಸೆ. ಹಿಂದೆ ರೋಟವೇಟರ್ ತಿರುಗುತ್ತಿದ್ದರೂ ಪಕ್ಕದಲ್ಲೇ ನಿಂತು ಬೀಡಿ ಹಚ್ಚುವವರನ್ನು ನಾನೇ ನೋಡಿದ್ದೇನೆ. ಗಾತ್ರ ಚಿಕ್ಕದಾದರೆ ಅಪಾಯವೂ ಚಿಕ್ಕದು ಅಂತ ನಾವೆಲ್ಲ ಹೇಗೋ ಒಪ್ಪಿಕೊಂಡುಬಿಟ್ಟಿದ್ದೇವೆ.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಈ ಗಾಡಿ ಇಲ್ಲದೆ ಈಗ ತೋಟ ನಡೆಯುವುದಿಲ್ಲ. ಎತ್ತು ಕಟ್ಟಿದವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ದೊಡ್ಡ ಟ್ರ್ಯಾಕ್ಟರ್ ನುಗ್ಗಿದರೆ ಎಳೆ ಸಸಿಗಳ ಗರಿ ಮುರಿಯುತ್ತದೆ, ಸಾಲಿನ ಕೊನೆಯಲ್ಲಿ ತಿರುಗಿಸಲು ಜಾಗ ಸಾಲುವುದಿಲ್ಲ. 15-20 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರ್ ಆದರೆ ತೆಂಗಿನ ಸಾಲಿನ ನಡುವೆ ಹಾವಿನಂತೆ ನುಸುಳುತ್ತದೆ. ಮುಂಗಾರು ಒಂದೆರಡು ಹದ ಮಳೆ ಕೊಟ್ಟರೆ ಗರಿಕೆ, ಕಾಂಗ್ರೆಸ್ ಗಿಡ ಎಲ್ಲ ಮೊಣಕಾಲುದ್ದ. ಆಗ ಎಲ್ಲರಿಗೂ ಒಂದೇ ವಾರದಲ್ಲಿ ರೋಟವೇಟರ್ ಬೇಕು. ಅವಸರ ಅಲ್ಲಿಂದಲೇ ಶುರು.

ನಾನು ತಿಪಟೂರಿನಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಅಪ್ಪನಿಗೆ ಬೆನ್ನು ನೋವು ಬಂದ ಮೇಲೆ ನಮ್ಮ ತೋಟದ ಉಳುಮೆ ನನ್ನ ಪಾಲಿಗೆ ಬಂತು. 18 ತುಂಬಿ ಲೈಸೆನ್ಸ್ ಬರುವವರೆಗೆ ಅಪ್ಪ ಕೀ ಕೊಡಲಿಲ್ಲ. ಕೊಟ್ಟ ದಿನ ದಾರಿಯಲ್ಲಿ ನಿಂತವರು ‘ಹುಡ್ಗಿ ಓಡಿಸ್ತಾಳಾ?’ ಅಂದರು. ಎರಡು ಭಾನುವಾರ ಕಳೆದ ಮೇಲೆ ಅವರೇ ‘ನಮ್ದೂ ಒಂದ್ ನಾಲ್ಕು ಸಾಲು ಹೊಡ್ಕೊಡಮ್ಮ’ ಅಂದರು. ಅದು ಬೇರೆ ಕಥೆ.

ಅಮೆರಿಕದಲ್ಲಿರುವ ದೊಡ್ಡಮ್ಮನ ಮಗ ಒಮ್ಮೆ ವಿಡಿಯೊ ಕಳಿಸಿದ್ದ. ಮನೆ ಮುಂದಿನ ಹುಲ್ಲನ್ನು ಕುಳಿತುಕೊಂಡೇ ಕತ್ತರಿಸುವ ಯಂತ್ರ. ನಮ್ಮ ಮಿನಿ ಟ್ರ್ಯಾಕ್ಟರ್‌ನ ಚಿಕ್ಕ ತಂಗಿ ಇದ್ದ ಹಾಗಿದೆ, ಬ್ಲೇಡ್ ಮಾತ್ರ ಹೊಟ್ಟೆಯ ಕೆಳಗೆ. ಅದನ್ನು ಓಡಿಸುತ್ತಲೇ ಅವನು ಸೀಟಿನಿಂದ ಸ್ವಲ್ಪ ಎದ್ದು ತೋರಿಸಿದ. ಯಂತ್ರ ಟಕ್ ಎಂದು ನಿಂತಿತು. ಸೀಟಿನ ಕೆಳಗೆ ಒಂದು ಸ್ವಿಚ್ ಇದೆಯಂತೆ. ಭಾರ ತಪ್ಪಿದರೆ ಬ್ಲೇಡ್ ನಿಲ್ಲಲೇಬೇಕು. ಬಿದ್ದರೂ, ಇಳಿದರೂ, ಮರೆತರೂ ಸರಿ. ನಾನು ಹೊರಗೆ ಹೋಗಿ ನಮ್ಮ ಟ್ರ್ಯಾಕ್ಟರ್ ಸೀಟನ್ನು ಎತ್ತಿ ನೋಡಿದೆ. ಎರಡು ಸ್ಪ್ರಿಂಗ್, ಒಂದಿಷ್ಟು ಧೂಳು. ಅಕ್ಕಪಕ್ಕದ ತೋಟಗಳಲ್ಲಿ ನಾನು ನೋಡಿದ ಗಾಡಿಗಳಲ್ಲೂ ಅಷ್ಟೇ. ಮೇಲೆ ಮನುಷ್ಯ ಇದ್ದಾನೋ ಇಲ್ಲವೋ ನಮ್ಮ ಸೀಟಿಗೆ ಗೊತ್ತಾಗುವುದಿಲ್ಲ. ಇಳಿದು ಹೋದರೂ ರೋಟವೇಟರ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ.

ಪಕ್ಕದ ಊರಿನ ನಮ್ಮ ಸಂಬಂಧಿಕರೊಬ್ಬರಿಗೆ ಹಾಗೇ ಆಯಿತು. ಅವರ ಹೆಸರು, ಊರು ಬೇಡ. ಹಾರೆ ನೆಟ್ಟು ಕಾಯಿ ಸುಲಿಯಲು ಕೂತರೆ ಸುತ್ತ ನಾಲ್ಕು ಊರಿಗೆ ಅವರನ್ನು ಮೀರಿಸುವವರಿರಲಿಲ್ಲ. ಎರಡು ವರ್ಷದ ಹಿಂದೆ ತೋಟ ಹೊಡೆಯುವಾಗ ಡ್ರಿಪ್ ಪೈಪಿನ ತುಂಡು ರೋಟವೇಟರ್‌ಗೆ ಸುತ್ತಿಕೊಂಡಿತು. ಇಳಿದು ಕಾಲಲ್ಲಿ ಒದ್ದು ಬಿಡಿಸಲು ಹೋದರು. ಇಂಜಿನ್ ಓಡುತ್ತಿತ್ತು. ಸಿಕ್ಕಿಕೊಂಡಿದ್ದ ಬ್ಲೇಡ್ ಪೈಪು ಸಡಿಲವಾದ ಕೂಡಲೇ ತಿರುಗಿತು. ಈಗ ಅವರಿಗೆ ಬಲಗಾಲಿನ ಪಾದವಿಲ್ಲ. ಬೇರೆಯವರು ಸುಲಿದ ಕಾಯಿಯ ಲೆಕ್ಕ ಬರೆಯುತ್ತಾ ಕೂರುತ್ತಾರೆ.

ಅವರು ದಡ್ಡರಲ್ಲ. ಕುಡಿದಿರಲಿಲ್ಲ. ಇಂಜಿನ್ ಯಾಕೆ ಆಫ್ ಮಾಡಲಿಲ್ಲ ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ‘ಬ್ಯಾಟ್ರಿ ವೀಕ್ ಇತ್ತು ಕಣಮ್ಮ. ಆಫ್ ಮಾಡಿದ್ರೆ ತಿರ್ಗ ಸೆಲ್ಫ್ ಹೊಡೀತಿರ್ಲಿಲ್ಲ. ತಳ್ಳಕ್ಕೆ ನಾಕ್ ಜನ ಎಲ್ಲಿಂದ ತರಾನ?’ ಅಂದರು.

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಸುತ್ತಿತು. ಸುರಕ್ಷತೆ ಅಂದರೆ ಹೆಲ್ಮೆಟ್, ಬೂಟು, ಗೋಡೆಯ ಮೇಲಿನ ಬೋರ್ಡು ಅಂತಲೇ ನಾವು ಓದಿರುತ್ತೇವೆ. ನನ್ನ ಲೆಕ್ಕದಲ್ಲಿ ತೆಂಗಿನ ತೋಟದ ಮೊದಲನೇ ಸುರಕ್ಷಾ ಸಾಧನ ಒಳ್ಳೆಯ ಬ್ಯಾಟರಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಮನುಷ್ಯ ದಿನಕ್ಕೆ ಹತ್ತು ಸಲ ಇಂಜಿನ್ ನಿಲ್ಲಿಸುತ್ತಾನೆ. ಹಾಗಾಗಿ ಆ ಸಲ ಕೊಬ್ಬರಿ ಮಾರಿದ ದುಡ್ಡು ಬಂದಾಗ ಅಪ್ಪನಿಗೆ ದುಂಬಾಲು ಬಿದ್ದು ಮೊದಲು ಹೊಸ ಬ್ಯಾಟರಿ ಹಾಕಿಸಿದೆ. ಮೊಬೈಲ್ ಆಮೇಲೆ ಅಂದೆ. ಆಮೇಲೆ ಅಂದರೆ ಇನ್ನೂ ಬಂದಿಲ್ಲ.

ರೋಟವೇಟರ್‌ಗೆ ಶಕ್ತಿ ಹೋಗುವುದು ಟ್ರ್ಯಾಕ್ಟರ್ ಹಿಂಭಾಗದ ಪಿಟಿಒದಿಂದ. ಅಲ್ಲಿಂದ ಒಂದು ಶಾಫ್ಟ್ ತಿರುಗುತ್ತಾ ರೋಟವೇಟರ್‌ನ ಗೇರ್‌ಬಾಕ್ಸ್ ಸೇರುತ್ತದೆ. ಇದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಕೇಳಲು ಬರೀ ಒಂದು ಸಂಖ್ಯೆ. ಸೆಕೆಂಡಿಗೆ ಭಾಗಿಸಿದರೆ 9 ಸುತ್ತು. ಮೂರು ಇಂಚು ದಪ್ಪದ ಶಾಫ್ಟ್ ಎಂದುಕೊಳ್ಳಿ, ಒಂದು ಸುತ್ತಿಗೆ ಒಂಬತ್ತು ಇಂಚಿಗೂ ಮೇಲೆ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಏಳು ಅಡಿ. ಎರಡು ಮೀಟರಿನ ಲುಂಗಿ ಒಂದು ಸೆಕೆಂಡಿಗೆ ಮುಗಿಯಿತು. ‘ಅಯ್ಯೋ’ ಅನ್ನುವುದಕ್ಕೂ ಅಷ್ಟು ಹೊತ್ತು ಬೇಕು. ಈ ಲೆಕ್ಕವನ್ನು ಅಪ್ಪನ ಮುಂದೆ ಬಿಡಿಸಿ ತೋರಿಸಿದ ಮೇಲೆ ಅವರು ಟ್ರ್ಯಾಕ್ಟರ್ ಹತ್ತಿರ ಹೆಗಲ ಮೇಲೆ ಟವೆಲ್ ಹಾಕುವುದನ್ನು ಬಿಟ್ಟರು. ನಾನು ದುಪಟ್ಟಾ ಮನೆಯಲ್ಲೇ ಬಿಟ್ಟು, ಅಪ್ಪನ ಹಳೇ ಪ್ಯಾಂಟು, ಮೈಗೆ ಅಂಟುವ ಟೀ ಶರ್ಟು ಹಾಕಿ, ಜಡೆ ಸುತ್ತಿ ಟೋಪಿಯೊಳಗೆ ಸಿಕ್ಕಿಸುತ್ತೇನೆ. ನೋಡುವವರಿಗೆ ನಗು ಬರುತ್ತದೆ, ಬರಲಿ.

ಕೊಳ್ಳುವಾಗ ಆ ಶಾಫ್ಟ್ ಮೇಲೆ ಪ್ಲಾಸ್ಟಿಕ್ ಕವರ್ ಇರುತ್ತದೆ. ಒಳಗಿನ ಶಾಫ್ಟ್ ತಿರುಗಿದರೂ ಕವರ್ ತಿರುಗದ ಹಾಗೆ ಅದಕ್ಕೊಂದು ಸಣ್ಣ ಚೈನು. ಗ್ರೀಸ್ ಹೊಡೆಯಲು ಅಡ್ಡ ಎಂದು ಮೊದಲ ತಿಂಗಳೇ ಬಿಚ್ಚಿ ಬಿಸಾಕುತ್ತಾರೆ. ಶಿಯರ್ ಬೋಲ್ಟ್ ಕಥೆಯೂ ಅದೇ. ಕಲ್ಲು ಸಿಕ್ಕಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸಲೆಂದೇ ಅದು ಮೆತ್ತಗಿರುತ್ತದೆ. ‘ಪದೇ ಪದೇ ಮುರೀತದೆ’ ಎಂದು ಗಟ್ಟಿ ಬೋಲ್ಟ್ ಹಾಕಿಸಿದರೆ ಮುಂದಿನ ಸಲ ಮುರಿಯುವುದು ಅದಕ್ಕಿಂತ ದುಬಾರಿಯದ್ದು.

ಕೀ ಹಾಕುವ ಮೊದಲು ನಾನು ತೋಟದಲ್ಲಿ ಒಂದು ಸುತ್ತು ನಡೆಯುತ್ತೇನೆ. ಕೆಲಸದ ಅರ್ಧ ಅಲ್ಲೇ ಮುಗಿಯುತ್ತದೆ. ಬಿದ್ದ ಗರಿ, ಮಟ್ಟೆ, ಕಳೆಯೊಳಗೆ ಮುಚ್ಚಿಹೋದ ಒಣಕಾಯಿ ಎಲ್ಲ ಬದಿಗೆ. ಡ್ರಿಪ್ ಲ್ಯಾಟರಲ್ ಸುತ್ತಿ ಮರದ ಬುಡಕ್ಕೆ. ಗೇಟ್‌ವಾಲ್ವ್ ಇರುವ ಕಡೆ ಒಂದು ಕೋಲು ನೆಟ್ಟು ಕೆಂಪು ಬಟ್ಟೆ. ಪಂಪ್‌ಸೆಟ್ ಲೈನಿನ ಕಂಬಕ್ಕೆ ಎಳೆದು ಕಟ್ಟಿದ ಸ್ಟೇ ವೈರ್ ಹುಲ್ಲಿನಲ್ಲಿ ಕಾಣುವುದೇ ಇಲ್ಲ, ಅದಕ್ಕೂ ಒಂದು ಬಟ್ಟೆ. ಆಮೇಲೆ ತಲೆಯೆತ್ತಿ ನೋಡುವುದು. ಜೋತುಬಿದ್ದ ಒಣಗರಿ ಇದ್ದರೆ ಆ ಸಾಲು ಆಮೇಲೆ. ಕಾಯಿ ಕೀಳುವ ದಿನ ಟ್ರ್ಯಾಕ್ಟರ್ ತೋಟಕ್ಕೆ ಇಳಿಯುವುದೇ ಇಲ್ಲ. ಡೀಸೆಲ್ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹಾಕಬೇಕು. ಬೇಸಿಗೆಯಲ್ಲಿ ಕಾದ ಸೈಲೆನ್ಸರ್ ಪಕ್ಕ ಒಣಗರಿ ಇದ್ದರೆ ಬೆಂಕಿಗೆ ಬೇರೆ ನೆಪ ಬೇಡ.

ಮರದ ಬುಡದ ಸುತ್ತ ಆರು ಅಡಿ ಪಾತಿಗೆ ರೋಟವೇಟರ್ ತಾಗಿಸುವುದಿಲ್ಲ. ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಹರಡುವ ನೂರಾರು ಸಣ್ಣ ಬೇರುಗಳೇ ಅದರ ಜೀವ. ಮೇಲ್ಪದರದ ಕಳೆಗೆ ಎರಡು ಮೂರು ಇಂಚು ಸಾಕು. ಆಳ ಹೊಡೆದಷ್ಟೂ ಬೇಸಾಯ ಚೆನ್ನಾಗಿ ಆಯಿತು ಅನ್ನುವವರ ಜೊತೆ ನಾನು ವಾದ ಮಾಡಿ ಸೋತಿದ್ದೇನೆ. ಹಾಗಂತ ಅವರ ತೋಟದಲ್ಲಿ ನಾನು ಆಳ ಹೊಡೆಯುವುದಿಲ್ಲ.

ನನಗೆ ನಿಜಕ್ಕೂ ಹೆದರಿಕೆ ಆಗುವುದು ಬದುಗಳ ಹತ್ತಿರ. ಮಿನಿ ಟ್ರ್ಯಾಕ್ಟರ್‌ನ ಎರಡು ಚಕ್ರಗಳ ನಡುವಿನ ಅಗಲ ಕಡಿಮೆ. ಸಾಲಿನಲ್ಲಿ ನುಸುಳಲು ಯಾವುದು ಅನುಕೂಲವೋ ಉರುಳಲು ಕಾರಣವೂ ಅದೇ. ಬದುವನ್ನು ಓರೆಯಾಗಿ ಹತ್ತಿಸಿದರೆ ಒಂದು ಚಕ್ರ ಮೇಲೆ, ಒಂದು ಕೆಳಗೆ. ನೇರವಾಗಿ, ಕಡಿಮೆ ಗೇರ್‌ನಲ್ಲಿ, ರೋಟವೇಟರ್ ನಿಲ್ಲಿಸಿ ದಾಟಬೇಕು. ನಮ್ಮ ಕಡೆ 2014ರ ಕೃಷಿಭಾಗ್ಯದ ನಂತರ ಕೃಷಿಹೊಂಡಗಳು ಬಹಳ ಆದವು. ಬೇಲಿ ಇರುವುದು ಅಪರೂಪ, ಮಳೆಗೆ ಅಂಚು ಕುಸಿದಿರುತ್ತದೆ. ಹೊಂಡ ಎಷ್ಟು ಆಳವೋ ಅಂಚಿನಿಂದ ಕನಿಷ್ಠ ಅಷ್ಟು ದೂರ ಎಂದು ಅಪ್ಪ ಹೇಳಿಕೊಟ್ಟಿದ್ದಾರೆ. ಹಳೇ ತೆರೆದ ಬಾವಿಗಳಿಗೂ ಅದೇ ಲೆಕ್ಕ.

ಟ್ರ್ಯಾಕ್ಟರ್‌ನಲ್ಲಿ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುವುದು ಗೊತ್ತಲ್ಲ? ತೋಟದಲ್ಲಿ ಗಕ್ಕನೆ ತಿರುಗಿಸಲು ಒಂದನ್ನೇ ತುಳಿಯುತ್ತೇವೆ. ರಸ್ತೆಗೆ ಬರುವಾಗ ಎರಡಕ್ಕೂ ಕೊಂಡಿ ಹಾಕಿ ಸೇರಿಸದಿದ್ದರೆ, ಹುಳಿಯಾರು ಕಡೆಯಿಂದ ಬರುವ ಬಸ್ಸಿನ ಎದುರು ಒಂದೇ ಚಕ್ರ ಹಿಡಿದು ಗಾಡಿ ಅಡ್ಡ ತಿರುಗುತ್ತದೆ.

ಉರುಳಿದಾಗ ಚಾಲಕನನ್ನು ಉಳಿಸುವ ಕಬ್ಬಿಣದ ಚೌಕಟ್ಟನ್ನು ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರ್‌ಗಳಿಗೆ ಕಡ್ಡಾಯ ಮಾಡಿದ್ದು 1959ರಲ್ಲಿ. ನನ್ನ ಅಪ್ಪ ಹುಟ್ಟುವ ಮೊದಲು. ನಮ್ಮ ಗಾಡಿಯಲ್ಲಿ ಅದಿಲ್ಲ. ಚೌಕಟ್ಟು ಇದ್ದವರು ಸೀಟ್ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ ಉರುಳುವಾಗ ಅದರಿಂದ ಆಚೆ ಬೀಳುತ್ತಾರೆ. ಚೌಕಟ್ಟೇ ಇಲ್ಲದ ಗಾಡಿಗೆ ಬೆಲ್ಟ್ ಹಾಕಿಕೊಂಡರೆ ಗಾಡಿಯ ಕೆಳಗೇ ಸಿಕ್ಕಿಕೊಳ್ಳುತ್ತೇವೆ. ನಮ್ಮ ದೇಶದಲ್ಲೂ ಕಾನೂನು ಇಲ್ಲವೆಂದಲ್ಲ. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು, ಅದರ ಕಣ್ಣು ಮುಖ್ಯವಾಗಿ ಕಾಳು ಒಕ್ಕುವ ಥ್ರೆಷರ್ ಮೇಲೆ. ತೆಂಗಿನ ತೋಟದೊಳಗೆ ಇನ್‌ಸ್ಪೆಕ್ಟರ್ ಬಂದು ಶಾಫ್ಟ್ ಕವರ್ ಇದೆಯಾ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಮಡ್‌ಗಾರ್ಡ್ ಮೇಲೆ ಕೂರುವ ಮಕ್ಕಳು. ಚಿಕ್ಕಪ್ಪನ ಮಗನಿಗೆ ಹತ್ತು ವರ್ಷ. ನಾನು ಗಾಡಿ ತೆಗೆದರೆ ಸಾಕು, ‘ಅಕ್ಕ, ಒಂದೇ ರೌಂಡು’ ಎಂದು ಓಡಿ ಬರುತ್ತಾನೆ. ಗುಂಡಿಗೆ ಚಕ್ರ ಇಳಿದರೆ ಅವನು ಬೀಳುವ ಜಾಗ ಹಿಂದಿನ ಚಕ್ರ ಮತ್ತು ರೋಟವೇಟರ್ ನಡುವೆ. ಬೇಡ ಅಂದರೆ ಅಳುತ್ತಾನೆ, ಅವನಮ್ಮ ಮುನಿಸಿಕೊಳ್ಳುತ್ತಾರೆ. ‘ನಮ್ ಕಾಲ್ದಲ್ಲಿ ಗಾಡಿ ತುಂಬಾ ಮಕ್ಳೇ ಇರ್ತಿದ್ರು’ ಎಂದು ಅಜ್ಜಿಯೂ ಸೇರಿಕೊಳ್ಳುತ್ತಾರೆ. ಅದು ಎತ್ತಿನ ಗಾಡಿ ಅಜ್ಜಿ, ಎತ್ತಿಗೆ ‘ಹೋ’ ಅಂದರೆ ನಿಲ್ಲುತ್ತಿತ್ತು ಎಂದೆ. ಅಜ್ಜಿ ಸುಮ್ಮನಾದರು. ಹುಡುಗನಿಗೆ ಬೇರೆ ಕೆಲಸ ಕೊಟ್ಟಿದ್ದೇನೆ: ಕೆಂಪು ಬಟ್ಟೆ ಕಟ್ಟುವುದು, ಆಮೇಲೆ ಪಂಪ್‌ಹೌಸ್ ಜಗಲಿಯ ಮೇಲೆ ಕೂತು ತೋಟದೊಳಕ್ಕೆ ಯಾರಾದರೂ ಬಂದರೆ ಶಿಳ್ಳೆ ಹೊಡೆಯುವುದು. ಶಿಳ್ಳೆ ಕೇಳಿದರೆ ನಾನು ನಿಲ್ಲಿಸುತ್ತೇನೆ. ಮೊದಲ ವಾರ ನಾಯಿ ಬಂದರೂ ಹೊಡೆದ, ಕಾಗೆ ಬಂದರೂ ಹೊಡೆದ.

ಅಜ್ಜಿಗೂ ಒಂದು ಪಾಠ ಆಯಿತು. ನಮ್ಮ ಟ್ರ್ಯಾಕ್ಟರ್‌ನಲ್ಲಿ ಕೀ ತಿರುಗಿಸಿದರೆ ಇಂಜಿನ್ ನಿಲ್ಲುವುದಿಲ್ಲ, ಕರೆಂಟ್ ಮಾತ್ರ ಹೋಗುತ್ತದೆ. ಡೀಸೆಲ್ ತಡೆಯುವ ನಾಬ್ ಬೇರೆ ಇದೆ, ಅದನ್ನು ಎಳೆದು ಹಿಡಿಯಬೇಕು. ಹಲವು ಹಳೇ ಮಾದರಿಗಳಲ್ಲಿ ಹೀಗೇ. ನನಗೇನಾದರೂ ಆದರೆ ತೋಟದ ಹತ್ತಿರ ಇರುವುದು ಅಜ್ಜಿ ಒಬ್ಬರೇ. ಅವರು ಓಡಿ ಬಂದು ಕೀ ಕಿತ್ತುಕೊಂಡು ನಿಂತರೆ ಇಂಜಿನ್ ಓಡುತ್ತಲೇ ಇರುತ್ತದೆ. ಅದಕ್ಕೆ ಆ ನಾಬ್‌ಗೆ ಕೆಂಪು ಪೇಂಟ್ ಬಳಿದು ಅಜ್ಜಿಯನ್ನು ಕರೆದೆ. ‘ನಂಗ್ಯಾಕಮ್ಮ ಈ ವಯಸ್ಸಲ್ಲಿ ಟ್ಯಾಕ್ಟ್ರು’ ಅಂದರು. ಸ್ಟಾರ್ಟ್ ಮಾಡಿಕೊಟ್ಟು ನಿಲ್ಲಿಸಲು ಹೇಳಿದೆ. ಎರಡು ಕೈಯಲ್ಲಿ ಎಳೆದರು. ಗಡಗಡ ಸದ್ದು ನಿಂತಿತು. ಇನ್ನೊಂದ್ಸಲ ಅಂದರು. ಆಮೇಲೆ ಮತ್ತೊಂದ್ಸಲ. ಈಗ ನಾನು ತೋಟಕ್ಕೆ ಹೊರಟರೆ ‘ಇಳಿಯೋ ಮುಂಚೆ ನಾಬ್ ಎಳಿ’ ಎಂದು ಹಿಂದಿನಿಂದ ಕೂಗುವವರು ಅವರೇ. ನಾಬ್ ಎಳೆದು, ರೋಟವೇಟರ್ ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೀ ಜೇಬಿಗೆ. ಬ್ಲೇಡು ಪೂರ್ತಿ ನಿಂತಿದ್ದು ಕಣ್ಣಿಗೆ ಕಂಡ ಮೇಲೆ ಕಾಲು ಕೆಳಗೆ. ಹುಲ್ಲು ಬಿಡಿಸಲು ಕುಡುಗೋಲೇ ಹೊರತು ಕೈಯಲ್ಲ, ಕಾಲಂತೂ ಅಲ್ಲವೇ ಅಲ್ಲ.

ಬರುವ ಭಾನುವಾರ ಚಿಕ್ಕಪ್ಪನ ತೋಟ ಹೊಡೆಯಬೇಕು. ಗಾಡಿ ಅವರದ್ದೇ, ಶಾಫ್ಟ್ ಕವರ್ ಬಿಚ್ಚಿ ಮೂರು ವರ್ಷವಾಗಿದೆ. ಹುಡುಕಿ ಹಾಕಿದರೆ ಮಾತ್ರ ಬರುತ್ತೇನೆ ಎಂದಿದ್ದೆ. ಚಿಕ್ಕಮ್ಮ ನಿನ್ನೆ ಸಂಜೆ ಫೋನ್ ಮಾಡಿದ್ದರು. ಅಟ್ಟದ ಮೇಲೆ ಉಂಡೆ ಕೊಬ್ಬರಿಯ ಹಿಂದೆ ಸಿಕ್ಕಿತಂತೆ, ಒಂದು ಕಡೆ ಇಲಿ ಕಡಿದಿದೆಯಂತೆ. ಚೈನು ಮಾತ್ರ ಹೊಸದು ತರಬೇಕು.