ತುಳುಕೋ ಕಾಯಲ್ಲಿ ಕೊಬ್ಬರಿ ಇರಲ್ಲ ಕಣ್ಲಾ!

ಮೂರನೇ ಸೆಮಿಸ್ಟರಿನ ಇಂಟರ್ನಲ್ಸ್ ನಡೀತಿದ್ದಾಗ ಮೊಬೈಲಿಗೊಂದು ಮೆಸೇಜ್ ಬಂತು. ನಾನು ಕಳಿಸಿದ್ದ ಕಥೆ ಒಂದು ಸಂಕಲನಕ್ಕೆ ಆಯ್ಕೆಯಾಗಿದೆ ಅಂತ. ಕಳಿಸಿ ಪೂರಾ ಒಂದು ದಿನವೂ ಆಗಿರಲಿಲ್ಲ. ನಾನು ಇಷ್ಟು ಬೇಗ ಕಥೆಗಾರನಾಗ್ತೀನಿ ಅಂತ ನನಗೇ ಗೊತ್ತಿರಲಿಲ್ಲ! ಕೆಳಗೆ ಇನ್ನೊಂದು ಸಾಲಿತ್ತು: ‘ಸಹಲೇಖಕರ ಶುಲ್ಕ 900 ರೂಪಾಯಿ.’ ಲ್ಯಾಬ್ ಮ್ಯಾನ್ಯುಯಲ್‌ಗೆ ಅಂತ ಅಪ್ಪನ ಹತ್ತಿರ ಇಸ್ಕೊಂಡಿದ್ದ ದುಡ್ಡು ಜೇಬಲ್ಲೇ ಇತ್ತು. ಕಟ್ಟಿಬಿಟ್ಟೆ.

ಎರಡು ತಿಂಗಳಿಗೆ ಪುಸ್ತಕ ಬಂತು. ಮಿರಮಿರ ಮಿಂಚುವ ಹೊದಿಕೆ, ಒಳಗೆ ನಲವತ್ತು ಜನ ‘ಲೇಖಕರು’. ತುರುವೇಕೆರೆ ಪಕ್ಕದ ನಮ್ಮೂರಿನ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದ್ದರು. ಆದರೂ ಖುಷಿಗೇನೂ ಕೊರತೆ ಇರಲಿಲ್ಲ. ಜಗಲಿ ಮೇಲೆ ಕೂತು ಅಜ್ಜಿಗೆ ಓದಿ ಹೇಳಿದೆ. ಕಥೆಯೂ ಅಜ್ಜಿಯದೇ. ಅಟ್ಟದಿಂದ ಇಳಿಸಿದ ಕಾಯನ್ನು ಅವಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ, ಒಳಗೆ ನೀರು ತುಳುಕುತ್ತದೆ, ಒಡೆದರೆ ಉಂಡೆ ಕೊಬ್ಬರಿ. ಹೀಗೆ ಬರೆದಿದ್ದೆ. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ‘ಏನ್ಲಾ ಮಗಾ, ತುಳುಕೋ ಕಾಯಲ್ಲಿ ಕೊಬ್ಬರಿ ಎಲ್ಲಿರ್ತದ್ಲಾ? ನೀರೆಲ್ಲ ಇಂಗಿ, ಉಂಡೆ ಚಿಪ್ಪು ಬಿಟ್ಟು ಒಳಗೆ ಲೊಟಲೊಟ ಅನ್ಬೇಕು. ಇದನ್ನ ಯಾರೂ ಓದ್ನಿಲ್ವಾ?’

ಅಲ್ಲಿ ನನಗೆ ಚುರುಕ್ ಅಂತು. ಹೌದು, ಯಾರೂ ಓದಿರಲಿಲ್ಲ. ಕೊಬ್ಬರಿ ನಾಡಲ್ಲೇ ಹುಟ್ಟಿ ಬೆಳೆದ ನಾನು ತಪ್ಪು ಬರೆದಿದ್ದೆ. ದುಡ್ಡು ತಗೊಂಡವರು ಅದನ್ನು ಹಾಗೇ ಅಚ್ಚಿಗೆ ಕೊಟ್ಟಿದ್ದರು.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ತಪ್ಪು ತಿದ್ದಿ ಅದೇ ಕಥೆಯನ್ನು ಸ್ಪರ್ಧೆಗೆ ಕಳಿಸೋಣ ಅಂತ ನಿಯಮ ಓದಿದರೆ, ಮೊದಲ ಸಾಲೇ ‘ಕಥೆ ಸ್ವಂತದ್ದಾಗಿರಬೇಕು, ಎಲ್ಲಿಯೂ ಪ್ರಕಟವಾಗಿರಬಾರದು’. ಅಂದರೆ 900 ರೂಪಾಯಿ ಕೊಟ್ಟು ನನ್ನ ಮೊದಲ ಕಥೆಯ ದಾರಿಯನ್ನು ನಾನೇ ಮುಚ್ಚಿದ್ದೆ. ವಿಷಯ ಗೊತ್ತಾದಾಗ ಅಪ್ಪ ಬೈಯಲಿಲ್ಲ. ‘ಅಷ್ಟು ದುಡ್ಡಿಗೆ ಎಷ್ಟು ಕಾಯಿ ಸುಲೀಬೇಕು ಗೊತ್ತೇನ್ಲಾ?’ ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಹಟಕ್ಕೆ ಬಿದ್ದು ಸರಿಯಾದ ದಾರಿ ಯಾವುದು ಅಂತ ಹುಡುಕಿದೆ. ನನ್ನ ಹಾಗೆ ಲ್ಯಾಬ್ ರೆಕಾರ್ಡಿನ ಹಿಂದಿನ ಹಾಳೆಯಲ್ಲಿ ಕಥೆ ಬರೆಯುವವರಿಗೆ ಉಪಯೋಗಕ್ಕೆ ಬರಬಹುದು.

‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗಳು, ‘ಮಯೂರ’, ‘ತುಷಾರ’ದಂಥ ಮಾಸಿಕಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಹೊಸಬರ ಕಥೆಗಳನ್ನೂ ಹಾಕುತ್ತವೆ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿವೆ. ಕಳಿಸುವ ಮೊದಲು ಆ ಪತ್ರಿಕೆಯ ನಾಲ್ಕಾರು ಸಂಚಿಕೆ ಓದಬೇಕು. ಪದಮಿತಿ ಮೀರಬಾರದು. ಒಂದೇ ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸಬಾರದು. ಒಂದು ಪ್ರತಿ ನಮ್ಮ ಹತ್ತಿರ ಇಟ್ಟುಕೊಳ್ಳಬೇಕು. ಮುಖ್ಯವಾಗಿ, ತಿಂಗಳುಗಟ್ಟಲೆ ಕಾಯಬೇಕು.

ಏಳೆಂಟು ಕಥೆ ಕೈಯಲ್ಲಿದ್ದರೆ ಪುಸ್ತಕಕ್ಕೂ ದಾರಿ ಇದೆ. ಇನ್ನೂ ಸಂಕಲನ ತರದ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಇಟ್ಟು, ಗೆದ್ದಿದ್ದನ್ನು ತಾವೇ ಅಚ್ಚು ಹಾಕುವ ಪದ್ಧತಿಯನ್ನು ‘ಛಂದ ಪುಸ್ತಕ’ದ ವಸುಧೇಂದ್ರ ಶುರು ಮಾಡಿದರು. ಅವರು ಸುರತ್ಕಲ್‌ನಲ್ಲಿ ಬಿಇ ಓದಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. ‘ಘಾಚರ್ ಘೋಚರ್’ ಬರೆದ ವಿವೇಕ ಶಾನಭಾಗರೂ ಎಂಜಿನಿಯರೇ. ‘ಎಂಜಿನಿಯರಿಂಗ್ ಓದೋನಿಗೆ ಕಥೆ ಯಾಕೆ’ ಅನ್ನೋರಿಗೆ ಈಗ ನನ್ನ ಹತ್ತಿರ ಉತ್ತರ ಇದೆ! ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅಂದರೆ ಇಲ್ಲಿ ದುಡ್ಡು ಬರೆಯುವವನ ಕಡೆಗೆ ಬರುತ್ತದೆ, ಅವನ ಜೇಬಿಂದ ಹೋಗುವುದಿಲ್ಲ.

ಮೊದಲ ಕಥೆಯಿಂದ ದೊಡ್ಡದೇನಾದರೂ ಆಗುತ್ತದಾ? ಮಾಸ್ತಿಯವರು ‘ರಂಗನ ಮದುವೆ’ ಬರೆದದ್ದು 1910ರಲ್ಲಿ, ಹೆಚ್ಚೂ ಕಡಿಮೆ ನನ್ನ ವಯಸ್ಸಿನಲ್ಲಿ. ಅವರ ಮೊದಲ ಸಂಕಲನ ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ. ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಮೊದಲ ಕಥೆ ‘ಪ್ರಜಾಮತ’ದಲ್ಲಿ ಬಂದದ್ದು 1974ರಲ್ಲಿ. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದು 2025ರಲ್ಲಿ. ನಡುವೆ ಐವತ್ತೊಂದು ವರ್ಷ. ದಾದಾಪೀರ್ ಜೈಮನ್ ಅವರಿಗೆ 2022ರಲ್ಲಿ, ಮಂಜುನಾಯಕ ಚಳ್ಳೂರು ಅವರಿಗೆ 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂದದ್ದು ಕಥಾಸಂಕಲನಗಳಿಗೇ. ಹಾಗಾಗಿ ಕಥೆಯ ಕಾಲ ಮುಗಿದಿಲ್ಲ. ಆದರೆ ಒಂದೇ ದಿನಕ್ಕೆ ಆಯ್ಕೆಯಾಗುವ ಕಾಲ ಯಾವತ್ತೂ ಇರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗಲು ಹೆಚ್ಚೂ ಕಡಿಮೆ ವರ್ಷವೇ ಬೇಕು. ಅವಸರಕ್ಕೆ ಒಡೆದರೆ ಚಟ್ನಿಗೆ ಆದೀತು, ತಿಪಟೂರಿನ ಹರಾಜಿಗೆ ಆಗಲ್ಲ.

ಈಗ ಹೊಸ ಕಥೆ ಬರೆದಿದ್ದೇನೆ. 2023ರಲ್ಲಿ ಕೊಬ್ಬರಿ ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ, ಮಾರಬೇಕೋ ಇಟ್ಟುಕೊಳ್ಳಬೇಕೋ ಅಂತ ತಿಳಿಯದೆ ರಾತ್ರಿಯೆಲ್ಲ ಅಟ್ಟ ನೋಡುತ್ತಾ ಮಲಗಿರುವ ಒಬ್ಬ ಅಪ್ಪನ ಕಥೆ. ಈ ಸಲ ಮೊದಲು ಅಜ್ಜಿಗೆ ಓದಿದೆ. ಎರಡು ತಪ್ಪು ಹಿಡಿದಳು. ಆಮೇಲೆ ಗೆಳೆಯನಿಗೆ ಕೊಟ್ಟೆ. ಅವನು ಕೊನೆಯ ಪುಟ ಪೂರ್ತಿ ಬೇಡ ಅಂದ. ಮೂರು ದಿನ ಅವನ ಜೊತೆ ಮಾತು ಬಿಟ್ಟೆ, ನಾಲ್ಕನೇ ದಿನ ಆ ಪುಟ ತೆಗೆದೆ.

ಒಂದು ವಾರಪತ್ರಿಕೆಗೆ ಕಳಿಸಿ ನಾಲ್ಕು ತಿಂಗಳಾಯಿತು. ಉತ್ತರ ಬಂದಿಲ್ಲ. ಬರದೇ ಇದ್ದರೆ ತಿದ್ದಿ ಬೇರೆ ಕಡೆ ಕಳಿಸುತ್ತೇನೆ. ಅಪ್ಪನಿಗೆ ಆ ಕಥೆ ಯಾರದ್ದು ಅಂತ ನಾನು ಹೇಳಿಲ್ಲ, ಅಜ್ಜಿ ಹೇಳಿರಬೇಕು. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಬಂದಾಗಲೆಲ್ಲ ಅಪ್ಪ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯ ಹತ್ತಿರ ನಿಂತು ಫೋನ್ ಮಾಡುತ್ತಾರೆ. ‘ಈ ವಾರದ್ದು ಬಂದೈತೆ. ಹಾಳೆ ತಿರುವಿ ನೋಡ್ದೆ, ನಿನ್ ಹೆಸರು ಕಾಣ್ನಿಲ್ಲ. ಸರಿಯಾಗಿ ಕಳ್ಸಿದ್ಯೇನ್ಲಾ?’